ಒಲೆ ಆರಿಸಲು ಹೋದ ಹೊತ್ತಿನ ಮಾತು

ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಶೀಘ್ರಲಿಪಿ ಬರೆದು ನಿವೃತ್ತಳಾದವಳನ್ನು ಬೀದಿಯವರೆಲ್ಲ ಗೀಚಕ್ಕ ಎನ್ನುತ್ತಿದ್ದರು. ಕೈ ತುಕ್ಕು ಹಿಡಿಯಬಾರದೆಂದು ಟಿವಿಯಲ್ಲಿ ಯಾರು ಬಾಯಿ ತೆರೆದರೂ ಬರೆದುಕೊಳ್ಳುವುದು ಅವಳ ಚಟ. ಹವಾಮಾನ ವರದಿಯನ್ನೂ ಬಿಡುತ್ತಿರಲಿಲ್ಲ.

"ಅಮ್ಮಾ, ನಾಳೆ ಮಳೆ ಬರದಿದ್ರೆ ಆ ಹುಡುಗಿ ಮೇಲೆ ಕೇಸು ಹಾಕ್ತೀಯಾ?" ಎಂದು ಮಗಳು ಕಿಚಾಯಿಸುವಳು.

ಮಗಳು ಬಸ್ ಕಂಡಕ್ಟರ್. ಡಿಪೋದಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯವಿರಲಿಲ್ಲ. ಮೂತ್ರ ಕಟ್ಟಿಕೊಂಡು ಟಿಕೆಟ್ ಹರಿಯುವುದು, ಸೋಂಕು ತಗುಲಿ ಮಾತ್ರೆ ನುಂಗುವುದು, ಮತ್ತೆ ಕಟ್ಟಿಕೊಳ್ಳುವುದು. ಇದರಲ್ಲಿ ಬಾಯಿಗೆ ಸೆರಗು ಮುಚ್ಚಿಕೊಂಡು ಹೇಳುವಂಥದ್ದೇನೂ ಇಲ್ಲ.

ಚುನಾವಣೆಗೆ ಮುಂಚೆ ಊರಿನ ಕೇಬಲ್ ಚಾನೆಲ್ಲು ಅಭ್ಯರ್ಥಿಗಳ ಚರ್ಚೆ ಇಟ್ಟಿತು. ಮಗಳು ಫೋನ್ ಮಾಡಿ ಕೇಳಿಯೇಬಿಟ್ಟಳು. ಒಬ್ಬ ಅಭ್ಯರ್ಥಿ, "ಗೆದ್ದ ನೂರು ದಿನದಲ್ಲಿ ಕಟ್ಟಿಸ್ತೀನಿ ತಂಗಿ" ಎಂದ. ಗೆದ್ದ, ಪುರಸಭೆಯ ಅಧ್ಯಕ್ಷನೂ ಆದ. ಇನ್ನೂರು ದಿನ ಕಳೆದ ಮೇಲೆ ಕೇಳಲು ಹೋದರೆ, "ನಾನೆಲ್ಲಿ ಹಾಗಂದೆ?"

ಚಾನೆಲ್ಲು ಅವನ ಭಾವಮೈದುನನದು. ವಿಡಿಯೋ ಕೇಳಿದರೆ "ಅದು ನಮ್ಮ ಸ್ವತ್ತು" ಎಂಬ ಉತ್ತರ. ಯಾರೋ ಮೊಬೈಲಿನಲ್ಲಿ ಹಂಚಿದ್ದ ತುಣುಕನ್ನೂ ಹಕ್ಕುಸ್ವಾಮ್ಯದ ನೆಪ ಹೇಳಿ ತೆಗೆಸಿದರು. ಪ್ರಶ್ನೆ ಊರವರದು, ಉತ್ತರ ಊರವರ ಓಟಿಗೆ ಬಂದವನದು. ಒಡೆಯ ಮಾತ್ರ ಕ್ಯಾಮೆರಾ ಹಿಡಿದವನು!

ಗೀಚಕ್ಕ ಆವತ್ತಿನ ನೋಟ್‌ಬುಕ್ ಹುಡುಕಿ ತೆಗೆದು ಪುರಸಭೆಯ ಸಾರ್ವಜನಿಕ ಸಭೆಗೆ ಹೋದಳು. ಹಿಂದೆ ಹನ್ನೆರಡು ಮಂದಿ ಹೆಣ್ಣು ಕಂಡಕ್ಟರುಗಳು.

ಅಧ್ಯಕ್ಷ ಪುಟ ನೋಡಿ ನಕ್ಕ. "ಏನಮ್ಮಾ ಇದು, ಕೋಳಿ ಕೆದರಿದ ಹಾಗಿದೆ?"

"ಈ ಕೆದರಾಟ ನಂಬಿ ಜನರನ್ನ ಜೈಲಿಗೆ ಕಳಿಸಿದಾರೆ ಅಧ್ಯಕ್ಷರೇ. ಓದ್ತೀನಿ, ಕೇಳಿ."

ಪ್ರಶ್ನೆಯಿಂದ ಹಿಡಿದು ಓದಿದಳು. ನೂರು ದಿನದ ಮಾತು ಬಂತು. ಆಮೇಲೆ ನಿಲ್ಲಿಸಿ, "ಇಲ್ಲಿ ನಾಲ್ಕು ಸಾಲು ಖಾಲಿ. ಹಾಲು ಉಕ್ತಿತ್ತು, ಒಲೆ ಆರಿಸಕ್ಕೆ ಎದ್ದು ಹೋಗಿದ್ದೆ" ಎಂದಳು.

ಮಗಳು ತಲೆ ಚಚ್ಚಿಕೊಂಡಳು. "ಅದನ್ಯಾಕಮ್ಮಾ ಹೇಳಕ್ಕೆ ಹೋದೆ!"

"ಬರೀದೇ ಇದ್ದಿದ್ದನ್ನ ಬರ್ದೆ ಅನ್ನಲಾ?"

ಅಧ್ಯಕ್ಷನಿಗೆ ಜೀವ ಬಂತು. ಕುರ್ಚಿಯಿಂದಲೇ ಎದ್ದ. "ಅಲ್ಲೇ! ಅನುದಾನ ಸಿಕ್ಕಿದ್ರೆ ಅಂತ ಅಲ್ಲೇ ಅಂದಿದ್ದು ನಾನು. ಎಲ್ಲಾ ಕಡೆ ಅನ್ನೋ ಮಾತದು. ಬೇಕಿದ್ರೆ ನೋಡ್ಕೊಳ್ಳಿ!" ಭಾವಮೈದುನನಿಗೆ ಅವನೇ ಫೋನ್ ಹಚ್ಚಿದ. ಅತ್ತಲಿಂದ ಏನೋ ಗೊಣಗಾಟ ಕೇಳಿಸಿತು. "ನಿನ್ನ ಸ್ವತ್ತು ಒಲೆಗೆ ಹಾಕು, ಮೊದಲು ಕಳಿಸು ಮಾರಾಯ!"

ಗೋಡೆಯ ಪರದೆಯ ಮೇಲೆ ವಿಡಿಯೋ ಮೂಡಿತು. ಗೀಚಕ್ಕ ಪೆನ್ಸಿಲ್ ಹಿಡಿದು ಕೂತಳು. ನೂರು ದಿನದ ಮಾತು ಅಕ್ಷರ ತಪ್ಪದೆ ಬಂತು. ನಂತರ ಪರದೆಯ ಮೇಲಿನ ಅಧ್ಯಕ್ಷ ಎದೆ ತಟ್ಟಿಕೊಂಡ: "ಒಂದಲ್ಲ, ಎರಡು. ಜೊತೆಗೆ ಕಾಲು ಚಾಚಕ್ಕೊಂದು ಕೋಣೆ. ಬೀಗದ ಕೈ ನಿಮ್ಮ ಕೈಗೇ!"

ಅನುದಾನದ ಸುದ್ದಿಯೇ ಇಲ್ಲ. ಸಭೆ ಹೋ ಎಂದಿತು. ಗೀಚಕ್ಕ ಖಾಲಿ ಸಾಲು ತುಂಬಿಕೊಳ್ಳುತ್ತ, "ಸ್ವಲ್ಪ ನಿಧಾನ ಅಧ್ಯಕ್ಷರೇ, ಕೋಣೆ ಅಂದ್ರಲ್ಲ, ಫ್ಯಾನೂ ಅಂದ್ರಾ?" ಎಂದಳು. ಅಧ್ಯಕ್ಷನೂ ನಕ್ಕುಬಿಟ್ಟ. ಇನ್ನೇನು ಮಾಡಿಯಾನು? ಚುನಾವಣಾ ಚರ್ಚೆಯ ವಿಡಿಯೋದ ಒಂದು ಪ್ರತಿ ಊರ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತೆ ಇರಬೇಕೆಂದು ಅದೇ ಸಭೆಯಲ್ಲಿ ಠರಾವಾಯಿತು. ಮರುದಿನ ಭಾವಮೈದುನ ಹಲ್ಲು ಕಚ್ಚಿಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ನಾಲ್ಕನೆಯ ತಿಂಗಳು ಡಿಪೋದಲ್ಲಿ ಉದ್ಘಾಟನೆ. ಅಧ್ಯಕ್ಷ ಕತ್ತರಿ ಹಿಡಿದು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಗಳ ಬಸ್ಸು ಬಂದು ನಿಂತಿತು.

"ಭಾಷಣ ನೀವು ಮಾಡ್ತಿರಿ ಅಣ್ಣಾ, ನಂಗೆ ಅರ್ಜೆಂಟು" ಎಂದವಳೇ ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ರಿಬ್ಬನ್ನಿನ ಕೆಳಗೆ ನುಸುಳಿ ಒಳಗೋಡಿದಳು.