ಇಬ್ಬರು ಸಣ್ಣಯ್ಯಂದಿರ ನಡುವಿನ ಗೆರೆ

ಸಹೃದಯ ವಾಚಕರೇ, ಅರಮನೆಯ ದೀಪಗಳನ್ನು ಕಾಣಲೆಂದು ಮೈಸೂರಿಗೆ ಬರುವ ತಾವು, ಒಂದು ಮುಂಜಾನೆಯ ಮಟ್ಟಿಗೆ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಮೇಲಣ ಪುಟ್ಟ ಕೊಠಡಿಯೊಂದರತ್ತ ಚಿತ್ತ ಹರಿಸಬೇಕೆಂದು ಈ ಅಲೆಮಾರಿಯ ವಿನಂತಿ.

ಆರು ಗಂಟೆ. ಕೆಳಗೆ ಮೂಟೆಗಳು ಇಳಿಯುತ್ತಿವೆ. ಮೇಲೆ, ಹಳೆಯ ಛಾಯಾಚಿತ್ರಗಳ ಖಾಸಗಿ ಸಂಗ್ರಹದಲ್ಲಿ, ಐವತ್ತೆರಡು ವರ್ಷದ ಪದ್ಮಾವತಿ ಕಂಪ್ಯೂಟರ್ ಪರದೆಯ ಮೇಲೆ ಒಂದು ವೃತ್ತವನ್ನು ಎಳೆದು ತರುತ್ತಾರೆ: ‘ವ್ಯಕ್ತಿ’. ಅದರ ಪಕ್ಕಕ್ಕೆ ‘ಕೆಲಸ’, ‘ಬೀದಿ’, ‘ಚಿತ್ರ’. ಅವುಗಳನ್ನು ಗೆರೆಗಳಿಂದ ಕೂಡಿಸುತ್ತಾರೆ. ಆ ನಕ್ಷೆಯೇ ಪ್ರಶ್ನೆ. ಮುಚ್ಚಿಹೋದ ಸ್ಟುಡಿಯೊದ ಪುಸ್ತಕ, ಊದುಬತ್ತಿ ಕಾರ್ಖಾನೆಯ ಹಾಜರಿ, ಬೀದಿಗಳ ಪಟ್ಟಿ, ಹೀಗೆ ಬೇರೆ ಬೇರೆ ಕಡೆಯ ದಾಖಲೆಗಳನ್ನು ಯಂತ್ರ ಒಟ್ಟಿಗೆ ತಡಕಿ ಉತ್ತರ ತರುತ್ತದೆ.

“ಕಂಪ್ಯೂಟರ್ ಕೋಡು ಗೀಡು ನಂಗೆ ಬರಲ್ಲ ಕಣ್ರೀ. ಯಾರು ಯಾರಿಗೆ ಏನಾಗ್ಬೇಕು ಅಂತ ಗೊತ್ತಿದ್ರೆ ಸಾಕು. ಮದುವೆ ಮನೇಲಿ ಹೆಂಗಸ್ರು ಕೇಳೋದೂ ಅದನ್ನೇ ತಾನೆ?”

ಹದಿನಾಲ್ಕು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಇತರರ ಬೆನ್ನ ಹಿಂದೆ ನಿಂತು ನೋಡಿಯೇ ಈ ಕೆಲಸ ಕಲಿತರು. ದಿನಕ್ಕೆ ನಾಲ್ಕು ಚಿತ್ರ. ಇದುವರೆಗೆ ಹನ್ನೊಂದು ಸಾವಿರ. ಮನೆ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಲ್ಲಿ. “ನಮ್ಮೂರಲ್ಲಿ ವಿಮಾನ ಸಿಗುತ್ತೆ, ಬೆಳಗ್ಗೆ ಬಸ್ಸು ಸಿಗಲ್ಲ.”

ಅವರ ನಿದ್ದೆ ಕೆಡಿಸಿದ್ದು ಒಂದೇ ಒಂದು ಗೆರೆ. ಉದಯಗಿರಿಯ ಚಲುವಮ್ಮ, ತನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ ತಂದೆ ಸಣ್ಣಯ್ಯನ ಮುಖ ಹುಡುಕಿಕೊಂಡು ಬಂದಿದ್ದರು. ಪದ್ಮಾವತಿ ಚಿತ್ರ ಕೊಟ್ಟರು. ತಿಂಗಳ ಬಳಿಕ ನಕ್ಷೆಯಲ್ಲಿ ಆ ಸಣ್ಣಯ್ಯ ಒಂದೇ ಕಾರ್ಖಾನೆಯಲ್ಲಿ ಐವತ್ತೊಂಬತ್ತು ವರ್ಷ ದುಡಿದಂತೆ ಕಂಡಿತು. ತಾತನ ಹೆಸರನ್ನು ಮೊಮ್ಮಗನಿಗಿಟ್ಟ ಮನೆ. ಅದೇ ಬೀದಿ, ಅದೇ ಕೆಲಸ. ಇಬ್ಬರನ್ನೂ ‘ಒಬ್ಬನೇ’ ಎಂಬ ಗೆರೆಯಿಂದ ಬೆಸೆದವರು ಸ್ವತಃ ಪದ್ಮಾವತಿ. ಚಲುವಮ್ಮನಿಗೆ ಕೊಟ್ಟದ್ದು ಆ ತಾತನ ಚಿತ್ರ. ಯಾರೂ ಕೇಳದಿದ್ದರೂ ಉದಯಗಿರಿಗೆ ಹೋಗಿ ತಪ್ಪೊಪ್ಪಿಕೊಂಡರು. ಗೋಡೆಯ ಮೇಲಿನ ಚಿತ್ರಕ್ಕೆ ಆಗಲೇ ಹಾರ ಬಿದ್ದಿತ್ತು.

ಭಾನುವಾರ ಚಲುವಮ್ಮನ ಮಗಳು ಸುಮಾಳ ಮದುವೆ. ಅದಕ್ಕೆ ಮುನ್ನ ಹಿರಿಯರಿಗೆ ಎಡೆಯಿಡುವಾಗ ನಿಜವಾದ ಮುಖ ಎದುರಿಗಿರಬೇಕು. ಇಂದು ನಕ್ಷೆಗೆ ‘ವರ್ಷ’, ‘ಆಯುಧಪೂಜೆ’ ಎಂಬ ಎರಡು ವೃತ್ತಗಳು ಸೇರಿವೆ. ಉತ್ತರ ಒಂದೇ: ೧೯೮೫ರ ಹಬ್ಬದ ದಿನ ಕಾರ್ಖಾನೆಯವರು ತೆಗೆಸಿದ ಗುಂಪುಚಿತ್ರ. ಹೆಸರುಗಳಿವೆ, ಯಾರು ಯಾರೆಂದಿಲ್ಲ. ಅಂದಾಜಿನ ಮೇಲೆ ಒಂದು ಮುಖಕ್ಕೆ ಪದ್ಮಾವತಿ ಎಳೆದಿರುವುದು ಚುಕ್ಕಿಗೆರೆ ಮಾತ್ರ.

ಏಳಕ್ಕೆ ಚಲುವಮ್ಮ ಮೆಟ್ಟಿಲೇರಿ ಬರುತ್ತಾರೆ. “ಅಕ್ಕಾ, ಮುತ್ತಾತಂಗೆ ಅಪ್ಪ ಅಂತ ಕೈ ಮುಗ್ದಾಯ್ತು. ಈ ಸಲ ಅವರಪ್ಪನ್ನ ಕೊಟ್ಬುಟ್ಟೀರ.”

“ಆಡ್ಕೊಳಮ್ಮ, ಆಡ್ಕೊ. ಯಾರು ಅಂತ ನಾನು ಹೇಳಲ್ಲ, ನೀನೇ ನೋಡು. ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅನ್ನು.”

ಚಲುವಮ್ಮನ ಬೆರಳು ಸಾಲುಗಳ ಮೇಲೆ ಸರಿದು, ಚೌಕಳಿ ಅಂಗಿಯ ಒಬ್ಬರ ಎದೆಯ ಮೇಲೆ ನಿಲ್ಲುತ್ತದೆ. “ಜೇಬು ಬ್ಯಾರೆ ಬಟ್ಟೆ. ಅವ್ವ ಹೊಲ್ದಿದ್ದು. ಈ ಅಂಗಿ ಈಗ್ಲೂ ನಮ್ಮ ಟ್ರಂಕಲ್ಲೈತೆ.” ಆಮೇಲೆ ಕಣ್ಣು ಮುಖದತ್ತ ಏರುತ್ತದೆ. ಬಹಳ ಹೊತ್ತು ಅಲ್ಲಿಯೇ ಇರುತ್ತದೆ.

ಪದ್ಮಾವತಿ ಚುಕ್ಕಿಗಳನ್ನು ಅಳಿಸಿ ಗೆರೆಯನ್ನು ಗಟ್ಟಿ ಮಾಡುತ್ತಾರೆ. ಅಂದಾಜಿನಲ್ಲಿ ಅವರು ಗುರುತಿಸಿದ್ದೂ ಅದೇ ಮುಖವನ್ನು.

“ಇನ್ನೂ ಎಂಟುನೂರು ಚುಕ್ಕಿಗೆರೆ ಅವೆ. ಕಣ್ಣು ಕಾಣೋವರ್ಗೂ ಒಂದೊಂದೇ ಗಟ್ಟಿ ಮಾಡ್ತೀನಿ. ಇನ್ನೇನೂ ಬ್ಯಾಡ” ಎಂದು ಅವರು ನನ್ನತ್ತ ತಿರುಗುತ್ತಾರೆ.

ಟಿಪ್ಪಣಿ ಪುಸ್ತಕವನ್ನು ಚೀಲಕ್ಕೆ ಸೇರಿಸಿ ಏಳುತ್ತೇನೆ. “ನಿಮ್ದೂ ತಾತನ ಹೆಸ್ರಾ?” ಎಂದು ಪದ್ಮಾವತಿ ಕೇಳುತ್ತಾರೆ. ಹೌದೆನ್ನುತ್ತೇನೆ.

“ಹಂಗಾದ್ರೆ ಒಂದು ಫೋಟೊ ತೆಗೆಸಿ. ಹಿಂದೆ ವರ್ಷ ಬರೆಯೋದು ಮರೀಬೇಡಿ.”

ಚೀಲವನ್ನು ಹೆಗಲಿಗೇರಿಸಿ, ಮೂಟೆಗಳ ನಡುವೆ ದಾರಿ ಮಾಡಿಕೊಂಡು, ಫೋಟೊ ಸ್ಟುಡಿಯೊ ಎಲ್ಲಿದೆಯೆಂದು ವಿಚಾರಿಸುತ್ತಾ ಹೊರಡುತ್ತೇನೆ.