ಮೂರು ಕುರ್ಚಿ ಬಿಟ್ಟವರನ್ನು ವಿಚಾರಿಸಲು ಹೋದದ್ದು

ಸಂಕ್ರಾಂತಿ ಮುಗಿದ ಮರುವಾರ ನಾನು ಗದಗಿನಿಂದ ಗುಜರಾತಿಗೆ ಹೊರಟೆ. ದೇಶ ನೋಡುವ ಉಮೇದು ನನಗೆ ಮೊದಲಿನಿಂದಲೂ ಕಡಿಮೆ. ಒಬ್ಬ ದೊಡ್ಡ ಮನುಷ್ಯರ ಬಗ್ಗೆ, ಅವರು ಕೆಲಸ ಮಾಡಿ ಬಿಟ್ಟ ಊರುಗಳಲ್ಲಿ, ಅವರಿಗೆ ಗೊತ್ತಾಗದಂತೆ ವಿಚಾರಿಸಿಕೊಂಡು ಬರಬೇಕಾಗಿತ್ತು. ನಮ್ಮ ಕಾಲೇಜನ್ನು ಖಾಸಗಿ ವಿದ್ಯಾಪೀಠ ಮಾಡಬೇಕೆಂದು ನಾವು ಓಡಾಡುತ್ತಿದ್ದ ಕಾಲ ಅದು. ಜೂನ್ ಒಳಗೆ ಹೆಸರುಳ್ಳ ಒಬ್ಬ ಕುಲಪತಿಯನ್ನು ಗೊತ್ತು ಮಾಡಿ ಬನ್ನಿ, ಇಲ್ಲವಾದರೆ ಈ ಮಾತು ಮತ್ತೆ ಎತ್ತಬೇಡಿ ಎಂದು ಸರಕಾರದವರು ಹೇಳಿಬಿಟ್ಟಿದ್ದರು. ಆ ಕಾಲೇಜಿಗೆ ನಾನು ನನ್ನ ಆಯುಷ್ಯವನ್ನೇ ಸುರಿದವನು. ಹೀಗಾಗಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಕಣ್ಣಿಗೆ ಬಿದ್ದ ಹೆಸರು ಮಾಧವರಾಯರದು. ವಿಜಾಪುರದ ಕಡೆಯವರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸರಕಾರ ಅವರನ್ನು ಹೊರದೇಶಕ್ಕೆ ಕಳಿಸಿತು, ಎರಡು ದೇಶಗಳಲ್ಲಿ ರಾಯಭಾರಿಯಾಗಿದ್ದರು. ಅದನ್ನು ಬಿಟ್ಟು ಅಹಮದಾಬಾದಿನ ಒಂದು ಬಟ್ಟೆ ಗಿರಣಿಯ ಆಡಳಿತ ವಹಿಸಿಕೊಂಡರು. ಅದನ್ನೂ ಬಿಟ್ಟು ಬರೋಡದ ಒಂದು ಖಾಸಗಿ ವಿದ್ಯಾಪೀಠಕ್ಕೆ ಕುಲಪತಿಯಾದರು. ಈಗ ಅದೂ ಬಿಟ್ಟು ಸೂರತ್ತಿನಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಸುದ್ದಿ. ನಮ್ಮ ಸಂಸ್ಥೆಯ ಅಧ್ಯಕ್ಷರು ಚನ್ನಬಸಪ್ಪನವರು ಅರಳೆ ವ್ಯಾಪಾರಿಗಳು, ಕಾಲೇಜಿಗೆ ಜಾಗ ಕೊಟ್ಟವರು. ಅವರು ನನ್ನನ್ನು ಅಂಗಡಿಗೆ ಕರೆಸಿ ಹೇಳಿದರು:

“ಮೂರು ಕುರ್ಚಿ ಸಿಕ್ಕಾವು, ಮೂರೂ ಬಿಟ್ಟಾರ. ಸಿಕ್ಕ ಕುರ್ಚಿ ಯಾರೂ ಸುಮ್ಮನ ಬಿಡಂಗಿಲ್ಲ ಮಾಸ್ತರ. ಏನು ಮಾಡಿ ಬಿಟ್ಟಾರ, ತಿಳಕೊಂಡು ಬರ್ರಿ.”

ಅವರು ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಸಂಶಯ ಪಡುವುದರಲ್ಲಿ ನನ್ನನ್ನು ಮೀರಿಸುವವರು ಗದಗಿನಲ್ಲಿ ಇರಲಿಲ್ಲ. ಹಾಲಿನವಳ ಹಾಲನ್ನು, ಹುಡುಗರ ಉತ್ತರಪತ್ರಿಕೆಯನ್ನು, ನನ್ನ ಅಳಿಯನ ನಗುವನ್ನು ನಾನು ಒಂದೇ ಕಣ್ಣಿನಿಂದ ನೋಡುತ್ತಿದ್ದೆ.

ಹುಬ್ಬಳ್ಳಿ, ಮೀರಜ, ಪುಣೆ ದಾಟಿ ಮುಂಬಯಿ ಸೇರಿ, ಅಲ್ಲಿಂದ ರಾತ್ರಿಯ ಮೇಲ್ ಗಾಡಿ ಹಿಡಿದೆ. ಮೂರನೆಯ ವರ್ಗದ ಡಬ್ಬಿಯಲ್ಲಿ ಎದುರಿಗೆ ಕೂತ ಗುಜರಾತಿ ಕುಟುಂಬ ಪರಿಚಯವೇ ಇಲ್ಲದ ನನಗೆ ಥೇಪ್ಲಾ ಎಂಬ ಮೆಂತ್ಯದ ಚಪಾತಿ, ಉಪ್ಪಿನಕಾಯಿ ಕೊಡಲು ಬಂತು. ರೈಲಿನಲ್ಲಿ ಅಪರಿಚಿತರು ಕೊಟ್ಟದ್ದನ್ನು ತಿನ್ನಬಾರದೆಂದು ನಾನೇ ಎಷ್ಟೋ ಹುಡುಗರಿಗೆ ಪಾಠ ಹೇಳಿದವನು. ಅವರು ತಿಂದು ಮುಗಿಸುವವರೆಗೆ ಕಾದು, ಯಾರಿಗೂ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ತಿಂದೆ. ಚೆನ್ನಾಗಿತ್ತು.

ಅಹಮದಾಬಾದಿನಲ್ಲಿ ಬೆಳಗಿನ ಚಳಿ ನಮ್ಮ ಕಡೆಯದಕ್ಕಿಂತ ಹೆಚ್ಚು. ಬೇವಿನ ಮರಗಳಲ್ಲಿ, ತಂತಿಗಳ ಮೇಲೆ ಸಂಕ್ರಾಂತಿಗೆ ಹಾರಿಸಿ ಹರಿದ ಗಾಳಿಪಟಗಳು ಇನ್ನೂ ಜೋತಾಡುತ್ತಿದ್ದವು. ನನ್ನ ಹಳೆಯ ವಿದ್ಯಾರ್ಥಿ ವಾಮನ ಅಲ್ಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಟಾಂಗಾ ತಂದು ಕಾಯುತ್ತಿದ್ದ. ಅವನ ಮನೆ ಊರ ಹೊರಗೆ, ವಸ್ತ್ರಾಪುರದ ಹೊಲಗಳ ದಾರಿಯಲ್ಲಿ. ಟಾಂಗಾದವನು ಒಂದೂವರೆ ರೂಪಾಯಿ ಕೇಳಿದ. ವಾಮನ ಚೌಕಾಶಿ ಮಾಡದೆ ಕೊಟ್ಟದ್ದು ನನಗೆ ಸರಿಬರಲಿಲ್ಲ. ಅವನ ಮಗಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಗುಜರಾತಿಯಲ್ಲಿ ಕುಶಲ ಕೇಳಿದಳು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಅವಳು ಅಮ್ಮನ ಮುಖ ನೋಡಿದಳು. ಊಟಕ್ಕೆ ಬಂದ ಬೇಳೆಯ ಸಾರಿಗೂ ಬೆಲ್ಲ ಬಿದ್ದಿತ್ತು. ಇಲ್ಲಿ ಬಂದ ಮೇಲೆ ಹೀಗೇ ರೂಢಿಯಾಯಿತು ಎಂದು ವಾಮನನ ಹೆಂಡತಿ ಸಂಕೋಚಪಟ್ಟರು. ಸಾರಿಗೇ ಸಿಹಿ ಹಾಕುವ ಊರಿನಲ್ಲಿ ಒಬ್ಬರ ಬಗ್ಗೆ ಕಹಿ ಸುದ್ದಿ ಹೊರಡುವುದು ಕಷ್ಟ ಎಂದು ನನಗೆ ಆಗಲೇ ಅನ್ನಿಸಿತು.

ಹಾಗೇ ಆಯಿತು. ಮರುದಿನ ಗಿರಣಿಗೆ ಹೋದೆವು. ನಾನು ಅರಳೆ ವ್ಯಾಪಾರಿಯ ಕಡೆಯವನೆಂದು ವಾಮನನಿಂದ ಹೇಳಿಸಿದೆ. ಅದು ಸುಳ್ಳೂ ಆಗಿರಲಿಲ್ಲ. ಮುದುಕ ಸೇಠರು ಬಿಳಿ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು. ಬಶಿಯಲ್ಲಿ ಚಹಾ ಬಂತು. ಮಾತಿನ ನಡುವೆ ಮಾಧವರಾಯರ ಹೆಸರು ತೇಲಿಬಿಟ್ಟಾಗ ಸೇಠರು ಬಹಳ ಒಳ್ಳೆಯ ಮನುಷ್ಯ ಎಂದರು. ಅವರ ಮಗನೂ ಅದನ್ನೇ ಅಂದ. ಲೆಕ್ಕದ ಮುನೀಮರೂ ಅದನ್ನೇ ಅಂದರು, ಅವೇ ಶಬ್ದಗಳಲ್ಲಿ. ಒಳ್ಳೆಯವರಾಗಿದ್ದರೆ ಯಾಕೆ ಬಿಟ್ಟರು ಎಂದು ಕೇಳಿದೆ. ಅವರ ಇಚ್ಛೆ ಎಂದರು ಸೇಠರು, ಮತ್ತು ಈ ವರ್ಷ ಕರ್ನಾಟಕದ ಕಡೆ ಅರಳೆ ಹೇಗೆ ಬಂದಿದೆ ಎಂದು ವಿಚಾರಿಸಿದರು. ಮೂರು ಜನ ಒಂದೇ ಮಾತು ಆಡಿದರೆ ಅದನ್ನು ಮೊದಲೇ ಕೂಡಿ ನಿಶ್ಚಯಿಸಿದ್ದಾರೆಂದೇ ಅರ್ಥ. ನನ್ನ ಸಂಶಯಕ್ಕೆ ಹೊಟ್ಟೆ ತುಂಬ ಊಟ ಸಿಕ್ಕಿತು.

ಹೊರಗೆ ಬರುವಾಗ ಗೋದಾಮಿನ ಓಣಿಯಲ್ಲಿ, ಯಾರೂ ಹೆಚ್ಚು ನೋಡದ ಗೋಡೆಯ ಮೇಲೆ, ಗಿರಣಿಯ ಉತ್ಸವದ ಒಂದು ದೊಡ್ಡ ಫೋಟೋ ಕಂಡಿತು. ಮಧ್ಯದ ಕುರ್ಚಿಯಲ್ಲಿ ಕರಿ ಟೊಪ್ಪಿಗೆಯ ಮುದುಕನೊಬ್ಬ, ಕೊರಳಲ್ಲಿ ಹಾರ, ಮುಖದಲ್ಲಿ ಗಾಬರಿ. ಸೇಠರು ಅವನ ಪಕ್ಕದಲ್ಲಿ. ಸೇಠರ ಮಗ ಕೊನೆಯ ಸಾಲಿನಲ್ಲಿ ನಿಂತಿದ್ದ. ನಡುವಿನವರು ಯಾರು ಎಂದು ಮುನೀಮರನ್ನು ಕೇಳಿದೆ. ಮೊದಲ ಮಗ್ಗ ಕೂರಿಸಿದ ದಿನ ಕೆಲಸಕ್ಕೆ ಬಂದ ಮಿಸ್ತ್ರಿ ಎಂದರು. ಇವನೇಕೆ ನಡುವೆ ಎಂದರೆ ಅವರು ಫೋಟೋ ನೋಡುವುದು ಬಿಟ್ಟು ನೆಲ ನೋಡಿದರು. ಅದು ಮಾಧವಭಾಯಿಯವರ ಏರ್ಪಾಟು ಎಂದಷ್ಟೇ ಹೇಳಿದರು. ಮಿಸ್ತ್ರಿಗಳನ್ನು ಎತ್ತಿಕಟ್ಟಿ ಮುಷ್ಕರ ಮಾಡಿಸುವ ಮನುಷ್ಯ ಇರಬೇಕು ಎಂದು ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ಬರೋಡ ಅಲ್ಲಿಂದ ಅರವತ್ತು ಮೈಲಿಯ ಮೇಲೆ. ಮಧ್ಯಾಹ್ನದ ಗಾಡಿ ಹೊಗೆ, ಧೂಳು, ಕಡಲೆಕಾಯಿ ಸಿಪ್ಪೆಗಳ ನಡುವೆ ನಿಧಾನವಾಗಿ ಸಾಗಿತು. ದಾರಿಯುದ್ದಕ್ಕೂ ತಂಬಾಕಿನ ಹೊಲ. ಸ್ಟೇಶನ್ನಿನ ಹಿಂದೆ ಅಲ್ಕಾಪುರಿಯ ಕಡೆ ನಡೆದರೆ ಉಡುಪಿಯ ಕಡೆಯ ಭಟ್ಟರೊಬ್ಬರ ಹೋಟೆಲು ಇದೆಯೆಂದು ವಾಮನ ಹೇಳಿದ್ದ. ವಿದ್ಯಾಪೀಠದ ಕ್ಯಾಂಟೀನೂ ಅವರದೇ ಎಂದೂ ಹೇಳಿದ್ದ. ಅಲ್ಲಿಯ ಸಾಂಬಾರು ಬಾಯಿಗೆ ಬಿದ್ದಾಗ, ಅದರಲ್ಲೂ ಸಿಹಿ ಇದ್ದರೂ, ಮನೆಗೆ ಬಂದಷ್ಟು ಸಮಾಧಾನವಾಯಿತು. ಭಟ್ಟರು ನನ್ನ ಕನ್ನಡ ಕೇಳಿ ಗಲ್ಲಾ ಬಿಟ್ಟು ಎದ್ದು ಬಂದು ಎದುರಿಗೆ ಕೂತರು. ದುಡ್ಡು ತಗೊಳ್ಳುವುದಿಲ್ಲ ಎಂದರು. ದುಡ್ಡು ತಗೊಳ್ಳದ ಹೋಟೆಲಿನವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆದ್ದರಿಂದ ಜಾಗ್ರತೆಯಿಂದಲೇ ಮಾತು ತೆಗೆದೆ.

ಭಟ್ಟರಿಗೆ ಮಾತು ಮುಚ್ಚಿಡುವ ಅಭ್ಯಾಸ ಇರಲಿಲ್ಲ. ವಿದ್ಯಾಪೀಠದ ಹೊಸ ಕಟ್ಟಡದ ಉದ್ಘಾಟನೆಯ ಕಥೆ ಹೇಳಿದರು. ಕಟ್ಟಡಕ್ಕೆ ಪೂರ್ತಿ ಹಣ ಕೊಟ್ಟ ದಾನಿಗಳು ಕುಟುಂಬ ಸಮೇತ ಮೂರು ಕಾರಿನಲ್ಲಿ ಬಂದಿದ್ದರು. ವೇದಿಕೆಯ ಮೇಲೆ ಮಾಧವರಾಯರು ಕುರ್ಚಿಗಳಿಗೆ ಹೆಸರು ಅಂಟಿಸಿದ್ದರು. ಮೊದಲ ಕುರ್ಚಿ ಒಬ್ಬ ಸಂಸ್ಕೃತ ಪಂಡಿತರದು. ಎರಡನೆಯದು ಭಟ್ಟರದು. ದಾನಿಗಳದು ಒಂಬತ್ತನೆಯದು.

“ನಾನು ಎಂತ ಮಾಡುದು ಮಾರಾಯ್ರೆ, ಅಡಿಗೆಮನೆಯಲ್ಲಿ ಜಿಲೇಬಿ ನೋಡ್ತಾ ಇದ್ದೆ. ಕರ್ಕೊಂಡು ಹೋಗಿ ಕೂರಿಸಿ ಹಾರ ಹಾಕಿಯೇ ಬಿಟ್ರು. ಈ ವಿದ್ಯಾಪೀಠ ಬರೀ ಶಾಲೆಯಾಗಿ ತಗಡಿನ ಶೆಡ್ಡಿನಲ್ಲಿ ಇರುವಾಗ ಮಕ್ಕಳಿಗೆ ಊಟ ಹಾಕಿದವ ನಾನಂತೆ, ಹಾಗಾಗಿ ಎರಡನೆಯವ. ದಾನಿಗಳ ಮುಖ ನೋಡಿದೆ. ಹಾರ ತೆಗೆದು ಹಿಂದಿನ ಬಾಗಿಲಿಂದ ಓಡಿದೆ.”

ದಾನಿಗಳು ಊಟ ಮಾಡದೆ ಹೋದರು. ಅಷ್ಟೂ ಜಿಲೇಬಿಯನ್ನು ಎರಡು ದಿನ ಹಾಸ್ಟೆಲಿನ ಹುಡುಗರು ತಿಂದರು. ಮಾಧವರಾಯರಿಗೆ ಯಾರೂ ಬಿಡಿ ಅನ್ನಲಿಲ್ಲ. ಅವರೇ ಆ ವಾರ ದಾನಿಗಳ ಮನೆಗೆ ಹೋಗಿ ಚಹಾ ಕುಡಿದು, ನಗುನಗುತ್ತ ಮಾತಾಡಿ, ರಾಜೀನಾಮೆ ಕೊಟ್ಟು ಬಂದರಂತೆ. ಈಗಲೂ ಬರೋಡಕ್ಕೆ ಬಂದರೆ ಹೋಟೆಲಿಗೆ ಬಂದು ಹೋಗುತ್ತಾರೆ, ದುಡ್ಡು ಕೊಟ್ಟೇ ಹೋಗುತ್ತಾರೆ ಎಂದು ಭಟ್ಟರು ಬೇಸರಪಟ್ಟರು.

ಆ ರಾತ್ರಿ ಧರ್ಮಶಾಲೆಯಲ್ಲಿ ಮಲಗಿ ಯೋಚಿಸಿದೆ. ಹಣ ತಿಂದಿಲ್ಲ. ಕುಡಿತದ ಮಾತು ಪಾನನಿಷೇಧದ ಈ ರಾಜ್ಯದಲ್ಲಿ ಕೇಳುವಂತೆಯೇ ಇಲ್ಲ. ಆದರೆ ಬೇಕೆಂದೇ ದೊಡ್ಡವರನ್ನು ಕೆಣಕುವ ಚಟ ಇರಬಹುದಲ್ಲ? ಅಥವಾ ಬಡವರ ಕೈಯಿಂದ ಚಪ್ಪಾಳೆ ಗಿಟ್ಟಿಸುವ ಉಪಾಯ? ನಾಟಕ ಆಡುವವರನ್ನು ನಾನು ಕಂಡಿಲ್ಲವೆ? ಅವರನ್ನೇ ಎದುರಿಗೆ ಕೂತು ಕೇಳದೆ ಹಿಂತಿರುಗಬಾರದೆಂದು ನಿಶ್ಚಯಿಸಿದೆ.

ಸೂರತ್ತು ಸೇರಿದಾಗ ಬೆಳಿಗ್ಗೆ ಎಂಟು. ಓಣಿಗಳಲ್ಲಿ ಜರಿಯ ಕೆಲಸದ ಟಕಟಕ ಸದ್ದು. ಮಾಧವರಾಯರ ತಂಗಿಯ ಮನೆ ತಾಪಿ ನದಿಯ ಹತ್ತಿರ. ಬಾಗಿಲು ತೆರೆದವರು ಅವರೇ. ಮುಚ್ಚುಕೊರಳ ಖಾದಿ ಕೋಟು, ತೆಳ್ಳಗಿನ ಮೈ, ಅರವತ್ತರ ಆಸುಪಾಸು. ಗದಗಿನವನು ಎಂದೊಡನೆ ಒಳಗೆ ಕೂರಿಸದೆ ನದಿಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಎಳೆಯ ಜೋಳದ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಹಸಿರು ಕಾಳು ಮಾರುತ್ತಿದ್ದರು. ಅವರು ಅದನ್ನು ಪೋಂಕ್ ಎನ್ನುತ್ತಾರೆ. ನಮ್ಮ ಸೀತನಿಯೇ. ನೂರಾರು ಮೈಲಿ ದೂರ ಬಂದು ಸೀತನಿ ಕಂಡಾಗ ಚೌಕಾಶಿ ಮಾಡದೆ ಇನ್ನೊಂದು ಪೊಟ್ಟಣ ಕೊಂಡೆ.

ನಾನು ಸುತ್ತು ಬಳಸದೆ ಕೇಳಿದೆ. ರಾಯಭಾರಿ ಕೆಲಸ ಯಾಕೆ ಬಿಟ್ಟಿರಿ? ಸರಕಾರ ಮತ್ತೊಂದು ದೂರದ ದೇಶಕ್ಕೆ ಹೋಗು ಅಂದಿತು, ತಾಯಿ ಹಾಸಿಗೆ ಹಿಡಿದಿದ್ದರು, ಅದಕ್ಕೇ ಬಿಟ್ಟೆ ಎಂದರು. ಇಷ್ಟು ಸರಳ ಉತ್ತರವನ್ನು ನಾನು ನಂಬಲಿಲ್ಲ, ಆದರೆ ಅದಕ್ಕಿಂತ ಬೇರೆ ಉತ್ತರ ಅವರಲ್ಲಿ ಇರಲಿಲ್ಲ. ಆಮೇಲೆ ಗಿರಣಿಯ ಫೋಟೋ, ಭಟ್ಟರ ಹಾರ, ಎರಡನ್ನೂ ಎತ್ತಿದೆ. ನಾನು ಅಲ್ಲೆಲ್ಲ ಹೋಗಿ ಬಂದದ್ದು ತಿಳಿದು ಅವರು ಸಿಟ್ಟಾಗಲಿಲ್ಲ. ರಾಯಭಾರಿಗಳ ರೂಢಿ ವಿವರಿಸಿದರು. ಒಂದು ರಾಜಧಾನಿಯಲ್ಲಿ ಹತ್ತಾರು ದೇಶಗಳ ರಾಯಭಾರಿಗಳು ಇರುತ್ತಾರೆ. ಊಟದಲ್ಲಿ, ಸಮಾರಂಭದಲ್ಲಿ ಯಾರು ಮುಂದೆ ಎನ್ನುವುದನ್ನು ದೇಶದ ದೊಡ್ಡಸ್ತಿಕೆಯಿಂದ ನಿಶ್ಚಯಿಸುವುದಿಲ್ಲ. ಯಾರು ಆ ಊರಿಗೆ ಮೊದಲು ಬಂದು ತಮ್ಮ ಅಧಿಕಾರಪತ್ರ ಒಪ್ಪಿಸಿದರೋ ಅವರು ಮುಂದೆ. ಪುಟ್ಟ ದ್ವೀಪದವನೊಬ್ಬ ಮಹಾ ರಾಷ್ಟ್ರದವನ ಮುಂದೆ ಕೂತದ್ದನ್ನು ಅವರು ಕಂಡಿದ್ದರು. ಯಾರೂ ಅವಮಾನವೆಂದುಕೊಳ್ಳಲಿಲ್ಲ.

“ದುಡ್ಡು ಕೊಟ್ಟು ಎಲ್ಲಾ ತಗೋಬಹುದು, ತಾರೀಖು ತಗೊಳಾಕ ಬರಂಗಿಲ್ಲ. ಅದಕ್ಕ ನನಗದು ಸೇರಿತು. ಜಗಳ ಇಲ್ಲದ ಪದ್ಧತಿ ಅಂತ ತಿಳಕೊಂಡಿದ್ದೆ,” ಎಂದರು. ಎರಡೂ ಕಡೆ ಜಗಳವೇ ಆಯಿತಲ್ಲ ಎಂದೆ. ಹೌದು, ನಮ್ಮ ಜನಕ್ಕ ದೇಶಕ್ಕಿಂತ ಹಾರ ದೊಡ್ಡದು ಎಂದು ನಕ್ಕರು. ಆತಿಥೇಯರಿಗೆ ಬೇಡವಾದ ದಿನ ರಾಯಭಾರಿ ವಾದ ಮಾಡುವುದಿಲ್ಲ, ಪೆಟ್ಟಿಗೆ ಕಟ್ಟುತ್ತಾನೆ, ಅದಕ್ಕೇ ಬಿಟ್ಟೆ ಎಂದರು.

ಆಗ ನನಗೆ ಅನ್ನಿಸಿದ್ದನ್ನು ನೇರವಾಗಿ ಬರೆಯುತ್ತೇನೆ. ಇವರು ನಮಗೆ ಬೇಕು ಅನ್ನಿಸಿತು. ಬಹಳ ಬೇಕು ಅನ್ನಿಸಿತು. ಆ ಆಸೆಯೇ ನನಗೆ ಹೆದರಿಕೆ ಹುಟ್ಟಿಸಿತು.

ಅವರು ಕಾಳು ಅಗಿಯುತ್ತ ನಮ್ಮ ಸಂಸ್ಥೆಯ ಬಗ್ಗೆ ಕೇಳಿದರು. ಜಾಗ ಯಾರದು, ಕಟ್ಟಡ ಯಾವಾಗ ಆಯಿತು, ಅದಕ್ಕೂ ಮೊದಲು ಏನಿತ್ತು. ಮಠದ ಹಿಂದಿನ ಒಂದು ಕೋಣೆಯಲ್ಲಿ ಪಾಠ ಸುರುವಾಯಿತು ಎಂದೆ.

“ಆ ಕೋಣಿಗೆ ಮೊದಲು ಬಂದವರು ಯಾರು?”

ಸುಳ್ಳು ಹೇಳಲು ಜಾಗವಿರಲಿಲ್ಲ.

“ನಾನs.”

ಅವರು ಕೈಯಲ್ಲಿದ್ದ ಕಾಳನ್ನು ಪೊಟ್ಟಣಕ್ಕೆ ಸುರಿದು ನನ್ನ ಕಡೆ ತಿರುಗಿದರು. “ಅಂದ್ರ ನಾ ಬಂದ್ರ ಮೊದಲನೆ ಕುರ್ಚಿ ನಿಮ್ಮದು. ನಿಮ್ಮ ಅಧ್ಯಕ್ಷರದು ಎಷ್ಟನೇದೊ ನನಗೆ ಗೊತ್ತಿಲ್ಲ. ಈ ಮಾತು ಅವರಿಗೆ ನೀವs ಹೇಳ್ರಿ, ಮೊದಲs ಹೇಳ್ರಿ. ಮುಚ್ಚಿಟ್ಟು ನನ್ನ ಕರಸಿದ್ರ ನಾ ಬರಂಗಿಲ್ಲ.”

ಸಂಜೆಯ ಗಾಡಿಗೆ ಅವರೇ ಸ್ಟೇಶನ್ನಿಗೆ ಬಂದರು. ಫೆಬ್ರವರಿ ಮುಗಿಯುವವರೆಗೆ ಬೇರೆ ಯಾರಿಗೂ ಮಾತು ಕೊಡುವುದಿಲ್ಲ ಎಂದರು. ತಾಪಿಯ ಸೇತುವೆ, ಗಿರಣಿಗಳ ಚಿಮಣಿ ಹಿಂದೆ ಉಳಿದವು. ಮುಂಬಯಿಯಿಂದ ಹುಬ್ಬಳ್ಳಿಯವರೆಗೆ ನಾನು ಯಾರನ್ನೂ ಸಂಶಯಪಡಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಅವರನ್ನು ನಾನು ಮೆಚ್ಚಿದ್ದು ಕಾಲೇಜಿಗಾಗಿಯೋ ಆ ಮೊದಲ ಕುರ್ಚಿಗಾಗಿಯೋ? ಆ ಕುರ್ಚಿಯ ಮಾತು ಕೇಳಿದಾಗ ನನಗೆ ಸಂತೋಷವಾಗಿತ್ತು. ಆಗಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಗದಗಿನಲ್ಲಿ ಇಳಿದು ಮನೆಗೂ ಹೋಗದೆ ಅರಳೆ ಅಂಗಡಿಗೆ ಹೋದೆ. ಫೋಟೋ, ಹಾರ, ರಾಯಭಾರಿಗಳ ರೂಢಿ, ತಾರೀಖಿನ ಮಾತು, ಒಂದನ್ನೂ ಬಿಡದೆ ಹೇಳಿದೆ. ಕಳ್ಳತನವಿಲ್ಲ, ಕೆಟ್ಟ ಚಾಳಿಯಿಲ್ಲ, ಇಂಥವರು ನಮಗೆ ಮತ್ತೆ ಸಿಗುವುದಿಲ್ಲ ಎಂದೆ. ಚನ್ನಬಸಪ್ಪನವರು ತಲೆದೂಗುತ್ತ ಕೇಳಿದರು. ಕೊನೆಗೆ ಆ ತಾರೀಖಿನ ಲೆಕ್ಕದಲ್ಲಿ ನಮ್ಮಲ್ಲಿ ಮೊದಲ ಕುರ್ಚಿ ನನ್ನದು ಎಂಬುದನ್ನೂ ಹೇಳಿದೆ.

ಅವರು ತಲೆದೂಗುವುದು ನಿಂತಿತು. ಅಡಿಕೆ ಬಾಯಿಗೆ ಹಾಕಿಕೊಂಡರು. ಪ್ರಯಾಣದ ದಣಿವು ಆಗಿರಬೇಕು, ಮನೆಗೆ ಹೋಗಿ ಮಲಗಿರಿ ಎಂದು ಬಹಳ ಮೃದುವಾಗಿ ಹೇಳಿದರು. ಅಷ್ಟು ಮೃದುವಾಗಿ ಅವರು ನನ್ನೊಡನೆ ಎಂದೂ ಮಾತಾಡಿದವರಲ್ಲ.

ಮುಂದಿನ ವಾರ ಅವರು ತಮ್ಮ ಭಾವಮೈದುನನನ್ನು ಗುಜರಾತಿಗೆ ಕಳಿಸಿದರು. ಅಹಮದಾಬಾದು, ಬರೋಡ, ಸೂರತ್ತು, ಅದೇ ದಾರಿ. ಅವನು ವಾಮನನ ಮನೆಯಲ್ಲೇ ಇಳಿದ. ಗಿರಣಿಯಲ್ಲೂ ಭಟ್ಟರ ಹೋಟೆಲಿನಲ್ಲೂ ಅವನು ಮಾಧವರಾಯರ ಬಗ್ಗೆ ಏನೂ ಕೇಳಲಿಲ್ಲವೆಂದು ವಾಮನ, ಭಟ್ಟರನ್ನೂ ವಿಚಾರಿಸಿ, ಆಮೇಲೆ ನನಗೆ ತಿಳಿಸಿದ. ಕೇಳಿದ್ದೆಲ್ಲ ನನ್ನ ಬಗ್ಗೆಯೇ ಅಂತೆ. ಅವನು ತಿರುಗಿ ಬರುವಷ್ಟರಲ್ಲಿ ಮಾಧವರಾಯರು ಕಾಯುತ್ತೇನೆಂದ ಫೆಬ್ರವರಿ ಮುಗಿದಿತ್ತು.