ದುರ್ಬೀನಿನಲ್ಲಿ ಕಂಡ ಗಂಡು

ನಮ್ಮ ತಾತ ಕೋಲಾರದ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ ಕೆಲಸದಲ್ಲಿದ್ದಾಗ, ಊರು ಬಿಟ್ಟು ಹೊರಟ ಇಂಜಿನಿಯರೊಬ್ಬರ ಮನೆಯ ಹರಾಜಿನಲ್ಲಿ ಒಂದು ದುರ್ಬೀನು ಕೊಂಡು ತಂದಿದ್ದರು. ರಿಟೈರಾಗಿ ಬಂಗಾರಪೇಟೆ ಹತ್ತಿರದ ನಮ್ಮೂರಿಗೆ ಬಂದ ಮೇಲೆ ಅದಕ್ಕೆ ಉಳಿದದ್ದು ಒಂದೇ ಕೆಲಸ. ಮಾಳಿಗೆಯ ಮೇಲೆ ಕೂತು, ನಮ್ಮ ರಾಗಿ ಹೊಲಕ್ಕೆ ಯಾರ ಎಮ್ಮೆ ನುಗ್ಗಿತು ಅಂತ ನೋಡಿ, ಅಲ್ಲಿಂದಲೇ ಎಮ್ಮೆಯ ಒಡೆಯನ ವಂಶವನ್ನೆಲ್ಲ ಜಾಲಾಡುವುದು.

ನನಗೆ ಏಳನೇ ಕ್ಲಾಸಿಗೇ ಸೋಡಾಬುಡ್ಡಿ ಕನ್ನಡಕ ಬಂದಿತ್ತು. ಅದರ ಮೇಲೆ ದುರ್ಬೀನು ಇಟ್ಟರೆ ಗಾಜಿಗೆ ಗಾಜು ಟಕ್ ಅಂತ ತಾಗಿ, ಸುತ್ತ ಕತ್ತಲು, ನಡುವೆ ನಾಲ್ಕಾಣೆಯಷ್ಟು ಬೆಳಕು. ಅಷ್ಟರೊಳಗೆ ಒಮ್ಮೆ ಎಮ್ಮೆಯ ಕಿವಿ ಬರುತ್ತಿತ್ತು, ಒಮ್ಮೆ ಬಾಲ. ಇಡೀ ಎಮ್ಮೆ ಒಂದು ದಿನವೂ ಸಿಗಲಿಲ್ಲ.

"ಕನ್ನಡಕ ತೆಗ್ದಾಕೇ ಪೆದ್ದೀ, ಈ ಚಕ್ರ ತಿರುಗ್ಸು. ಇದೂ ಒಂದ್ ಕನ್ನಡಕಾನೇ ಕಣೇ," ಅಂದರು ತಾತ.

ತೆಗೆದು, ತಿರುಗಿಸಿದೆ. ಎಮ್ಮೆಯ ಕಿವಿಯ ಮೇಲೆ ಕೂತ ನೊಣ ಕೂಡ ಕಂಡಿತು. ನನ್ನ ಕಣ್ಣಿಗೆ ಸರಿಯಾದದ್ದು ತಾತನ ಕಣ್ಣಿಗೆ ಮಬ್ಬು. ಅಂದಿನಿಂದ ನಾನು ದಿನಾ ಕದ್ದು ನೋಡುವುದು, ಆಮೇಲೆ "ಯಾರೇ ನನ್ ಚಕ್ರ ಮುಟ್ಟಿದ್ದು?" ಅಂತ ಮಾಳಿಗೆಯಿಂದ ಕೂಗು. ನಾನು ಬಾಯಿ ಬಿಡುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ಒಂದು ಸಂಬಂಧ ಬಂತು. ಹಿಂದೆ ಬಂದಿದ್ದವರು ಕನ್ನಡಕದ ಹುಡುಗಿ ಬೇಡ ಅಂದು ಹೋಗಿದ್ದರು. ಹಾಗಾಗಿ ಅಮ್ಮ ಬೆಳಿಗ್ಗೆಯೇ ನನ್ನ ಕನ್ನಡಕ ಕಿತ್ತುಕೊಂಡು ಕಡ್ಲೆಪುರಿ ಡಬ್ಬದಲ್ಲಿ ಹೂತಿಟ್ಟಳು.

"ಅಮ್ಮಾ, ಉಡ್ಗನ ಮುಖ ನಂಗೆ ಕಾಣೋದ್ ಬ್ಯಾಡ್ವಾ?"

"ಮದ್ವೆ ಆದ್ಮೇಲೆ ಬೇಕಾದಷ್ಟ್ ನೋಡ್ಕೋ ಓಗು. ಸಾವಿರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ. ನಾನ್ ಏಳ್ತಿರೋದು ಒಂದೇ!"

ಕನ್ನಡಕವಿಲ್ಲದೆ ಎರಡು ಮಾರು ಆಚೆ ಕೂತವರು ನನಗೆ ಬರೀ ಅಂಗಿಗಳು. ಒಂದು ಬಿಳಿ ಅಂಗಿಗೆ ಹೂಂ ಅಂದು ಜೀವನಪೂರ್ತಿ ಬಾಳುವುದು ಹೇಗೆ? ನಿಜಕ್ಕೂ ಹೆದರಿಕೆಯಾಯಿತು, ಹಿಂದೆಯೇ ಸಿಟ್ಟೂ ಬಂತು. ತಾತ ಗಡ್ಡ ಹೆರೆದುಕೊಳ್ಳಲು ಕೆಳಗಿಳಿದ ಹೊತ್ತು ನೋಡಿ, ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ಮಾಳಿಗೆ ಹತ್ತಿದೆ. ದುರ್ಬೀನು ಕಣ್ಣಿಗಿಟ್ಟು ಚಕ್ರ ತಿರುಗಿಸಿದೆ.

ಬಸ್ಸಿಳಿದವರು ಮೂವರು. ಒಬ್ಬಾಕೆ ಹುಡುಗನ ಅಮ್ಮನೇ ಇರಬೇಕು. ದಪ್ಪ ಮೀಸೆಯವರು ಸೋದರಮಾವ. ಮೂರನೆಯವನು ಕಡ್ಡಿಯಂಥ ಹುಡುಗ, ಮೂಗಿನ ಮೇಲೆ ನನ್ನದಕ್ಕಿಂತ ದಪ್ಪ ಸೋಡಾಬುಡ್ಡಿ! ಕೆರೆ ಏರಿ ಇಳಿದು ನಮ್ಮ ಹುಲ್ಲಿನ ಬಣವೆಯ ಮರೆಗೆ ಬಂದಾಗ ಅವನಮ್ಮ ಅತ್ತಿತ್ತ ನೋಡಿ, ಆ ಕನ್ನಡಕವನ್ನು ಪಟ್ಟನೆ ಕಿತ್ತು ಅವನ ಜೇಬಿಗೆ ತುರುಕಿ, ಮೇಲೊಂದು ಕರ್ಚೀಫು ಮುಚ್ಚಿದರು. ಪಾಪ, ಹುಡುಗ ಎರಡು ಹೆಜ್ಜೆ ಮುಂದೆ ಬಂದವನೇ, ತಾತನ ಹಳೇ ಕೋಟು ತೊಟ್ಟು ಹೊಲದಲ್ಲಿ ನಿಂತಿದ್ದ ಬೆದರುಬೊಂಬೆಗೆ ಭಕ್ತಿಯಿಂದ ಕೈ ಮುಗಿದ.

ನಗು ತಡೆಯಲಾರದೆ ಅಲ್ಲೇ ಕುಸಿದು ಕೂತೆ.

ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಮತ್ತೆ ಬರೀ ಎರಡು ಅಂಗಿ, ಒಂದು ಸೀರೆ. ಒಂದು ಅಂಗಿ ಲೋಟಕ್ಕೆ ಕೈ ಚಾಚಿ ಬಿಸಿ ಕಾಫಿಗೇ ಬೆರಳು ಅದ್ದಿತು. ಅವನೇ, ಅನುಮಾನವಿಲ್ಲ.

"ಉಡ್ಗೀನ ನೋಡಿದ್ಯೇನಪ್ಪಾ?" ತಾತ ಕೇಳಿದರು.

"ನೋಡ್ದೆ. ಒಪ್ಗೆ," ಅಂದ, ಬಾಗಿಲ ಪಕ್ಕ ಕೂತಿದ್ದ ನಮ್ಮ ಅಜ್ಜಿಯ ಕಡೆ ತಿರುಗಿ. ಅಜ್ಜಿ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡಳು.

ತಾತ ನನ್ನನ್ನೂ ಕೇಳಿದರು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಅವ್ರ ಜೇಬಲ್ಲಿರೋ ಕನ್ನಡಕ ಆಕ್ಕೊಂಡು ಇನ್ನೊಂದ್ಸಲ ನೋಡೋಕೇಳಿ ತಾತ. ಆಮೇಲ್ ನಾನು ಏಳ್ತೀನಿ."

ಅಮ್ಮ ಹಣೆ ಚಚ್ಚಿಕೊಂಡ ಸದ್ದೊಂದು ಕೇಳಿಸಿತು.

"ಓಹೋ! ನನ್ ಚಕ್ರ ಮುಟ್ಟೋಳು ನೀನೇನಾ!" ಅಂದರು ತಾತ.

ಬಿಳಿ ಅಂಗಿಯ ಮೇಲೆ ಕರ್ಚೀಫು ಅಲುಗಾಡಿತು. ಅವನು ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದ. ಬೇಡ ಅಂತಾನೆ ಅಂದುಕೊಂಡೆ.

"ನಿಮ್ ಮೂಗಿನ ಎರಡ್ ಕಡೆನೂ ಕಚ್ಚು ಬಿದ್ದೈತೆ," ಅಂದ ಮೆಲ್ಲಗೆ. "ನಿಮ್ದೆಲ್ಲಿ?"

"ಪುರಿ ಡಬ್ಬದಾಗೆ."

ಅಜ್ಜಿಯೇ ಎದ್ದು ಹೋಗಿ ತಂದುಕೊಟ್ಟಳು. ಅಂಟಿದ್ದ ಪುರಿ ಕೊಡವಿ, ಸೆರಗಿನಲ್ಲಿ ಒರೆಸಿ ಹಾಕಿಕೊಂಡೆ. ದುರ್ಬೀನಿನಲ್ಲಿ ಕಂಡಷ್ಟು ದೊಡ್ಡ ಮುಖವೇನಲ್ಲ, ಬೆರಳು ಬೇರೆ ಸುಟ್ಟುಕೊಂಡು ಉಫ್ ಉಫ್ ಅಂತ ಊದುತ್ತಿದ್ದ. ಆದರೆ ಈ ಸಲ ಅವನು ನೋಡುತ್ತಿದ್ದದ್ದು ನನ್ನನ್ನೇ.

ಹೂಂ ಅಂದೆ.